ಕರೆಂಟ್ ಮಾಮ ನಡೆದ ಬೀದಿ

ಬೆಳಿಗ್ಗೆ ಹತ್ತು ಗಂಟೆ ಹದಿನೇಳು ನಿಮಿಷಕ್ಕೆ ಅಪ್ಪ ಬೂಟಿನ ಲೇಸು ಬಿಗಿಯುತ್ತಿದ್ದ. ಆಸ್ಪತ್ರೆಯ ಎರಡನೇ ಮಹಡಿಯ ಆ ಕೋಣೆಯಲ್ಲಿ ಒಂದು ತಿರುಗುವ ಕುರ್ಚಿ, ಒಂದು ಕಂಪ್ಯೂಟರ್, ಕಣ್ಣಿಗೆ ಕಟ್ಟುವ ಕಪ್ಪು ಡಬ್ಬಿಯಂಥ ಕನ್ನಡಕ ಇದ್ದವು. ಗಂಟು ಎರಡು ಸಲ ಜಾರಿತು. ಮಗಳು ನೋಡುತ್ತ ನಿಂತಳೇ ಹೊರತು ಬಗ್ಗಲಿಲ್ಲ.

“ಅದೆಲ್ಲ ಬೇಡ ಸರ್, ಕೂತಲ್ಲೇ ನಡೀಬಹುದು,” ಎಂದಳು ಪರೀಕ್ಷೆ ಮಾಡುವ ಮನಶ್ಶಾಸ್ತ್ರಜ್ಞೆ. “ಕೈಯಲ್ಲಿರೋ ಗುಂಡಿ ಒತ್ತಿದ್ರೆ ಬೀದಿ ತಾನಾಗೇ ಮುಂದೆ ಬರುತ್ತೆ.”

“ಇಪ್ಪತ್ತಾರು ವರ್ಷ ಮೊದಲೇ ಹೇಳಿದ್ರೆ ನನ್ನ ಮಂಡಿ ಉಳೀತಿತ್ತಲ್ಲಮ್ಮ!”

ಅಷ್ಟು ವರ್ಷವೂ ಅವನು ವಿದ್ಯುತ್ ಕಚೇರಿಯ ಮೀಟರ್ ರೀಡರ್. ತಿಂಗಳಿಗೆ ಸಾವಿರದ ನಾನೂರು ಮನೆ. ಬೀದಿಯ ಎಡಬದಿ ಮುಗಿಸಿ, ಕೊನೆಯಲ್ಲಿ ತಿರುಗಿ, ಬಲಬದಿ. ಯಾವ ಗೇಟನ್ನು ಎತ್ತಿ ತಳ್ಳಬೇಕು, ಯಾವ ನಾಯಿ ಬೊಗಳುತ್ತದೆ, ಯಾವುದು ಬೊಗಳದೆ ಕಚ್ಚುತ್ತದೆ, ಎಲ್ಲ ಬಾಯಿಪಾಠ. ಮಕ್ಕಳಿಗೆ ಅವನು ಕರೆಂಟ್ ಮಾಮ. ಕುಡಿತ ಮೊದಲು ಸಂಜೆಯದಾಗಿತ್ತು. ಹೆಂಡತಿ ತೀರಿಕೊಂಡ ಮೇಲೆ ಮಧ್ಯಾಹ್ನಕ್ಕೆ ಸರಿಯಿತು. ಆಮೇಲೆ ಅದಕ್ಕೆ ಹೊತ್ತುಗೊತ್ತೇ ಉಳಿಯಲಿಲ್ಲ.

ಎರಡು ತಿಂಗಳ ಹಿಂದೆ ಸಿಕ್ಕಿಬಿದ್ದ. ಒಂದು ಬೀದಿಯ ಹನ್ನೊಂದು ಮನೆಗಳನ್ನು ಕೆಡವುವುದಿತ್ತು. ಕಚೇರಿಯವರೇ ಹೋಗಿ ಮೀಟರುಗಳನ್ನು ಕಿತ್ತು ತಂದಿದ್ದರು. ಅದಾದ ಮರುತಿಂಗಳು ಅಪ್ಪನ ಪುಸ್ತಕದಲ್ಲಿ ಆ ಹನ್ನೊಂದಕ್ಕೂ ರೀಡಿಂಗ್ ಇತ್ತು. ಬಾರಿನಲ್ಲಿ ಕೂತು ಗೀಚಿದ್ದಾನೆ ಎಂದರು ಜೊತೆಯವರು. ಮಗಳೂ ನಂಬಿದಳು.

“ಗೀಚೋದಾದ್ರೂ ಮೀಟರ್ ಇರೋ ಮನೆಗೆ ಗೀಚಬಾರದಿತ್ತೇನಪ್ಪ?”

“ಹೋಗಿದ್ದೆ ಕಣೇ. ನೋಡಿ ಬರ್ದಿದ್ದೀನಿ.”

“ಏನ್ ನೋಡ್ದೆ? ಗಾಳೀನಾ?”

ಅವನು ಊಟದ ತಟ್ಟೆ ಸರಿಸಿ ಎದ್ದುಹೋದ. ಅಲ್ಲಿಂದಾಚೆ ಅಪ್ಪ ಮಗಳ ನಡುವೆ ಮಾತು ಬೇಕಾದಷ್ಟಕ್ಕೆ ಮಾತ್ರ.

ಬೇಕೆಂದೇ ಸುಳ್ಳು ಬರೆದಿದ್ದರೆ ವಜಾ, ಕಾಯಿಲೆಯೆಂದು ಆಸ್ಪತ್ರೆ ಬರೆದುಕೊಟ್ಟರೆ ಕಚೇರಿಯಲ್ಲಿ ಕೂತು ಮಾಡುವ ಕೆಲಸ ಎಂದಿದ್ದರು ಮೇಲಧಿಕಾರಿ. ಅಪ್ಪನಿಗೆ ಎರಡೂ ಬೇಡ. ಅವನಿಗೆ ಅವನ ಬೀದಿ ಬೇಕಿತ್ತು.

ವಾರ್ಡಿಗೆ ಸೇರಿ ಕುಡಿತ ಬಿಟ್ಟು ಅಂದಿಗೆ ಇಪ್ಪತ್ತೆರಡು ದಿನ. ಕಾಗದ ಪೆನ್ಸಿಲಿನ ಪರೀಕ್ಷೆಗಳಲ್ಲಿ ಹೇಗೋ ದಡ ಸೇರಿದ್ದ. “ಮೇಜಿನ ಮುಂದೆ ಚೆನ್ನಾಗಿ ಉತ್ತರ ಕೊಡೋರು ಬೀದಿಗಿಳಿದ್ರೆ ಏನ್ಮಾಡ್ತಾರೆ ಅಂತ ಇದರಲ್ಲಿ ಗೊತ್ತಾಗುತ್ತೆ,” ಎಂದು ಮನಶ್ಶಾಸ್ತ್ರಜ್ಞೆ ಮಗಳಿಗೆ ವಿವರಿಸಿದಳು. ಕನ್ನಡಕದೊಳಗೆ ಒಂದು ಬೀದಿ ಇದೆ. ಅಲ್ಲಿ ಕಾಗದವನ್ನು ಅಂಚೆ ಡಬ್ಬಿಗೆ ಹಾಕಬೇಕು, ಔಷಧಿ ಕೊಳ್ಳಬೇಕು, ಒಂಬತ್ತನೇ ನಂಬರಿನ ಮನೆಗೆ ಬೀಗದ ಕೈ ಕೊಡಬೇಕು, ಹಿಂದಿರುಗಿ ಬರಬೇಕು. ಅಪ್ಪ ನಾಲ್ಕನ್ನೂ ಒಂದೇ ಉಸಿರಿಗೆ ಒಪ್ಪಿಸಿದ.

ಅವನಿಗೆ ಕಂಡದ್ದೆಲ್ಲ ಪರದೆಯ ಮೇಲೆ ಮಗಳಿಗೂ ಕಾಣುತ್ತಿತ್ತು. “ಒಂದು ನಾಯೀನೂ ಇಲ್ಲ! ಪುಣ್ಯವಂತರ ಬೀದಿ,” ಎಂದ. ಕಾಗದವನ್ನು ಡಬ್ಬಿಗೆ ಹಾಕಿದ. ಮಗಳು ಉಸಿರು ಬಿಟ್ಟಳು. ಔಷಧಿ ಅಂಗಡಿ ಎದುರಿಗೇ, ಬಲಕ್ಕಿತ್ತು. ಅಪ್ಪ ಎಡಕ್ಕೆ ತಿರುಗಿ ಮೊದಲ ಮನೆಯ ಗೇಟಿಗೆ ನುಗ್ಗಿದ. ಹೊರಬಂದು ಎರಡನೆಯದಕ್ಕೆ. ಆಮೇಲೆ ಮೂರನೆಯದಕ್ಕೆ. ಅಲ್ಲಿ ಕುರ್ಚಿಯಿಂದ ಎದ್ದೇಬಿಟ್ಟ. ಬಗ್ಗಿ, ಗಾಳಿಯಲ್ಲಿ ಒಂದು ಮುಚ್ಚಳ ಎತ್ತಿ, ಹೆಬ್ಬೆರಳಿನಿಂದ ಗಾಜು ಒರೆಸಿ, ಮನೆಯವರಿಗೂ ಕೇಳಲಿ ಎಂಬಂತೆ ಒಂದು ಅಂಕಿಯನ್ನು ಗಟ್ಟಿಯಾಗಿ ಓದಿದ.

ಪರದೆಯ ಮೇಲೆ ಇದ್ದದ್ದು ಬರೀ ಹಳದಿ ಗೋಡೆ. ಬೀದಿ ಕಟ್ಟಿದವರು ಯಾವ ಮನೆಗೂ ಮೀಟರ್ ಇಟ್ಟಿರಲಿಲ್ಲ.

ಹತ್ತು ನಿಮಿಷದ ಮೇಲೆ ಕನ್ನಡಕ ತೆಗೆದಾಗ ಅವನು ಕೇಳಿದ: “ಮುಗೀತಾ? ಬಲಬದಿ ಇನ್ನೂ ಇತ್ತಲ್ಲ.”

“ಔಷಧಿ ತಗೊಂಡ್ರಾ ಸರ್?”

“ಯಾವ ಔಷಧಿ?”

ಮಗಳು ಮನಶ್ಶಾಸ್ತ್ರಜ್ಞೆಯನ್ನು ಬಾಗಿಲಾಚೆ ಕರೆದಳು. “ನಾಟಕ ಆಡ್ತಿದ್ದಾರಾ?”

“ಇಲ್ಲ. ಸುಳ್ಳು ಹೇಳೋರಿಗೆ ಅದು ಸುಳ್ಳು ಅಂತ ಗೊತ್ತಿರುತ್ತೆ. ಇವರ ನೆನಪು ಎಲ್ಲಿ ಹರಿದಿದ್ಯೋ ಅಲ್ಲಿಗೆ ಮಿದುಳೇ ತೇಪೆ ಹಾಕ್ತಿದೆ. ಕುಡೀದೇ ಇದ್ರೆ ಸ್ವಲ್ಪ ಸುಧಾರಿಸಬಹುದು. ಆರು ತಿಂಗಳಾದ ಮೇಲೆ ಮತ್ತೆ ನೋಡೋಣ. ಬೀದಿ ಕೆಲಸ ಮಾತ್ರ ಬೇಡ ಅಂತ ಬರೀತೀನಿ.”

ಸುಳ್ಳುಗಾರ ಅಪ್ಪನಾಗಿದ್ದರೆ ಬೈಯಬಹುದಿತ್ತು. ಈ ಅಪ್ಪನನ್ನು ಏನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ.

ವರದಿ ಕೈಗೆ ಬರಲು ಒಂದು ಗಂಟೆ ಹಿಡಿಯಿತು. ಹೊರಗಿನ ಬೆಂಚಿನಲ್ಲಿ ಅಪ್ಪ ಕಾದಿದ್ದ.

“ಏನಂತೆ? ನಾನು ಸುಳ್ಳು ಹೇಳಿದ್ನಂತಾ?”

“ಇಲ್ಲಪ್ಪ. ನೀನು ಸುಳ್ಳು ಹೇಳಿಲ್ಲ.”

“ಮತ್ತೆ? ಬಡ್ಕೊಂಡೆ, ಕೇಳಿದ್ಯಾ ನೀನು?” ಅವನ ಮುಖ ಅರಳಿತು. “ಹಾಗಾದ್ರೆ ಸೋಮವಾರದಿಂದ ಡ್ಯೂಟಿ.”

ಅವಳು ಅವನ ಪಕ್ಕ ಕೂತು ವರದಿಯ ಮೇಲೆ ಕಣ್ಣಾಡಿಸಿದಳು. ನಾಲ್ಕರಲ್ಲಿ ಮುಗಿಸಿದ್ದು ಒಂದು ಕೆಲಸ. ಅದರ ಕೆಳಗೆ, ರೋಗಿ ಆಡಿದ ಮಾತನ್ನು ಇದ್ದಂತೆಯೇ ಬರೆಯುವ ಜಾಗದಲ್ಲಿ, ಮೂರನೇ ಮನೆಯ ಗೋಡೆಯ ಎದುರು ಅವನು ಓದಿ ಹೇಳಿದ ರೀಡಿಂಗ್ ಇತ್ತು: ಏಳು ಸಾವಿರದ ಮುನ್ನೂರ ಹತ್ತೊಂಬತ್ತು.