ಎರಡು ಬೆರಳ ಜಾಗ

೨೦೦೭ನೇ ಇಸವಿಯಲ್ಲಿ ನಾನು ಗೂಡಲೂರು ಕಡೆ, ತೊರಪಳ್ಳಿಯ ಒಂದು ಸಣ್ಣ ಕಣ್ಣಿನ ಆಸ್ಪತ್ರೆಯಲ್ಲಿ ಆಯಾ ಆಗಿದ್ದೆ. ಗುಡಿಸುವುದು, ಒರೆಸುವುದು, ಕಣ್ಣಿಗೆ ಮದ್ದು ಬಿಟ್ಟವರನ್ನು ಕೈ ಹಿಡಿದು ತಂದು ಬೆಂಚಿನ ಮೇಲೆ ಕೂರಿಸುವುದು ನನ್ನ ಕೆಲಸ. ಓದಿದ್ದು ಮೂರನೇ ಕ್ಲಾಸು, ಅದೂ ಕನ್ನಡ. ಇಂಗ್ಲಿಷ್ ಯಾರೂ ಕಲಿಸಲಿಲ್ಲ.

ಆದರೆ ಅದಕ್ಕೂ ಮೊದಲು ಹನ್ನೊಂದು ವರ್ಷ ಕೆತ್ತಿ ಎಂಬ ಊರಿನ ಹತ್ತಿರ ಟೀ ಫ್ಯಾಕ್ಟರಿಯಲ್ಲಿ ಪೆಟ್ಟಿಗೆಗಳ ಮೇಲೆ ಗ್ರೇಡ್, ಎಸ್ಟೇಟಿನ ಹೆಸರು ಹಾಕುತ್ತಿದ್ದೆ. ತಗಡಿನಲ್ಲಿ ಕೊರೆದ ಅಕ್ಷರ ಇಟ್ಟು ಅದರ ಮೇಲೆ ಕಪ್ಪು ಮಸಿ ತಿಕ್ಕಬೇಕು. ಬಿ ಓ ಪಿ ಅಂದರೆ ಒಂದು ಜಾತಿ ಟೀ, ಡಿ ಅಂದರೆ ಡಸ್ಟ್. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಎರಡು ಬೆರಳ ಜಾಗ ಬಿಡಬೇಕು. ಹೀಗೆ ಇಂಗ್ಲಿಷಿನ ದೊಡ್ಡಕ್ಷರ ಅಷ್ಟೂ ಗುರುತಾದವು. ಚಿಕ್ಕಕ್ಷರ ಗೊತ್ತಾಗಲಿಲ್ಲ. ಪೆಟ್ಟಿಗೆಗೆ ಚಿಕ್ಕಕ್ಷರ ಹಾಕುವುದಿಲ್ಲ.

ಆ ಅಕ್ಟೋಬರಿನಲ್ಲಿ ನನ್ನ ಗಂಡ ಸತ್ತು ಮೂರು ವಾರವಾಗಿತ್ತು. ಕೆಲಸಕ್ಕೆ ಹೋಗುತ್ತಿದ್ದೆ, ಬರುತ್ತಿದ್ದೆ. ಅನ್ನಕ್ಕೆ ಉಪ್ಪು ಹಾಕಿದೆನೋ ಇಲ್ಲವೋ ತಿಂದರೂ ಗೊತ್ತಾಗುತ್ತಿರಲಿಲ್ಲ. ಅದರ ಬಗ್ಗೆ ಹೇಳುವುದು ಇಷ್ಟೇ.

ತಿಂಗಳಿಗೊಂದು ದಿನ ಮೈಸೂರಿನಿಂದ ಡಾಕ್ಟರು ವ್ಯಾನಿನಲ್ಲಿ ಬರುತ್ತಿದ್ದರು. ಕತ್ತಲಾಗುವ ಮೊದಲು ಕಾಡು ದಾಟಬೇಕು, ಆದ್ದರಿಂದ ನಾಲ್ಕಕ್ಕೆ ಹೊರಟುಬಿಡುತ್ತಿದ್ದರು. ಆಪರೇಷನ್ ಬೇಕಾದವರನ್ನು ಅದೇ ವ್ಯಾನಿನಲ್ಲಿ ಕರೆದೊಯ್ಯುತ್ತಿದ್ದರು. ಕಣ್ಣಿನ ಒಳಗಿನ ಚಿತ್ರ ತೆಗೆದು ಒಂದು ಲ್ಯಾಪ್‌ಟಾಪಿನಲ್ಲಿ ಇಡುತ್ತಿದ್ದರು. ಅದರಲ್ಲಿ ಇದ್ದದ್ದು ಲಿನಕ್ಸ್. ದುಡ್ಡು ಕೊಡದೆ ಸಿಗುವ ವ್ಯವಸ್ಥೆ ಅಂತೆ.

ಆ ತಿಂಗಳು ಡಾಕ್ಟರು ಬಂದ ದಿನ ನರ್ಸ್ ರಜಾ. ಬೆಂಚಿನ ತುದಿಯಲ್ಲಿ ನಂಜಿ ಕೂತಿದ್ದಳು. ಎಸ್ಟೇಟಿನಲ್ಲಿ ಟೀ ಸೊಪ್ಪು ಕೀಳುವವಳು, ಮೂವತ್ತೆಂಟು ವಯಸ್ಸು, ಸಕ್ಕರೆ ಕಾಯಿಲೆ. ಬಲಗಣ್ಣು ಆಗಲೇ ಹೋಗಿತ್ತು. ಎಡಗಣ್ಣಿನೊಳಗೆ ರಕ್ತದ ಚುಕ್ಕೆ ಇದೆ ಎಂದು ಡಾಕ್ಟರು ಹೇಳಿದರು. ಚುಕ್ಕೆ ಹಳೆಯದಾದರೆ ಮುಂದಿನ ತಿಂಗಳವರೆಗೆ ಕಾಯಬಹುದು. ಒಂದೇ ತಿಂಗಳಲ್ಲಿ ಬೆಳೆದಿದ್ದರೆ ಈವತ್ತೇ ಮೈಸೂರಿಗೆ ಒಯ್ದು ಲೇಸರ್ ಹಾಕಬೇಕು. ವ್ಯಾನಿನಲ್ಲಿ ಉಳಿದಿದ್ದು ಒಂದೇ ಸೀಟು, ಅದನ್ನು ಪೊರೆಯ ಆಪರೇಷನ್ನಿಗೆ ಕಾಡಣ್ಣ ಎಂಬ ಮುದುಕನಿಗೆ ಮಾತು ಕೊಟ್ಟಾಗಿತ್ತು. ಹೋದ ತಿಂಗಳ ಚಿತ್ರ ನೋಡಿಯೇ ತೀರ್ಮಾನ ಮಾಡಬೇಕು.

ಲ್ಯಾಪ್‌ಟಾಪ್ ತೆರೆದರೆ ಪರದೆ ಕಪ್ಪು. ಮೇಲೆ ಬಿಳಿ ಅಕ್ಷರದ ಒಂದೆರಡು ಸಾಲು, ಅಷ್ಟೇ.

ಹಿಂದಿನ ದಿನ ಊಟಿಯಿಂದ ಸೆಲ್ವಂ ಬಂದು ಅದಕ್ಕೆ ಹೊಸ ಗ್ರಾಫಿಕ್ಸ್ ಡ್ರೈವರ್ ಹಾಕಿ ಹೋಗಿದ್ದ. ನಲವತ್ತು ದಾಟಿದ ಮನುಷ್ಯ, ಕಂಪ್ಯೂಟರ್ ರಿಪೇರಿ ಅವನ ಕಸುಬು. ಡಾಕ್ಟರು ಫೋನ್ ಮಾಡಿ ಬೈದು ರಿಸೀವರನ್ನು ನನ್ನ ಕೈಗೆ ಕೊಟ್ಟರು.

"ಹೊರಗೆ ಐವತ್ತು ಜನ ಇದಾರೆ. ಅವನು ಹೇಳಿದ್ದು ನೀನು ಒತ್ತು."

"ಎನಗ ಗೊತ್ತಿಲ್ಲೆ."

"ಯಾರಿಗೂ ಗೊತ್ತಿಲ್ಲ. ಕೂತ್ಕೋ."

ಸೆಲ್ವಂ ಆ ಕಡೆಯಿಂದ, "ಅಕ್ಕಾ, ಡ್ರೈವರ್ ಓಡ್ತಾ ಇಲ್ಲೆ" ಅಂದ.

"ಅವ ಯಾಕೆ ಓಡ್ತಾನೆ? ವ್ಯಾನ್ ಪಕ್ಕ ನಿಂತು ಬೀಡಿ ಸೇದ್ತಾ ಇದಾನೆ."

"ಅಯ್ಯೋ ಅಕ್ಕಾ, ಆ ಡ್ರೈವರ್ ಅಲ್ಲ."

ಪರದೆಯ ಮೇಲೆ ಚಿತ್ರ ಹೇಗೆ ಬಿಡಿಸಬೇಕು ಎಂದು ಯಂತ್ರಕ್ಕೆ ಹೇಳುವುದಕ್ಕೂ ಡ್ರೈವರ್ ಅನ್ನುತ್ತಾರೆ. ಹೊಸದು ಆ ಯಂತ್ರಕ್ಕೆ ಒಗ್ಗಿರಲಿಲ್ಲ. ಹಳೆಯ ಫೈಲಿನ ಒಂದು ಪ್ರತಿಯನ್ನು ಸೆಲ್ವಂ ಎತ್ತಿಟ್ಟಿದ್ದ. ಅದನ್ನು ಹೊಸದರ ಜಾಗಕ್ಕೆ ಹಾಕಿದರೆ ಮೊದಲಿನಂತೆ ಆಗುತ್ತದೆ. ಒಂದೇ ಸಾಲಿನ ಆಜ್ಞೆ, ಅದನ್ನು ಟೈಪ್ ಮಾಡಬೇಕು.

ಕೀಲಿಗಳ ಮೇಲೆ ಇದ್ದದ್ದು ದೊಡ್ಡಕ್ಷರ. ನನಗೆ ಅನುಕೂಲವಾಯಿತು. ನಾನು ಟೀ ಪೆಟ್ಟಿಗೆಯವಳು ಎಂದಾಗ ಸೆಲ್ವಂ ಅದಕ್ಕೆ ತಕ್ಕಂತೆ ಹೇಳಿದ. "ಸಿ. ಆಮೇಲೆ ಬಿ ಓ ಪಿ ಯ ಪಿ. ಇಡ ಬಿಡುಂಗ." ಇಡ ಅಂದರೆ ಜಾಗ. ಬಿಟ್ಟೆ. "ಈಗ ಬಲಕ್ಕೆ ವಾಲಿದ ಗೀಟು." ಒತ್ತಿದೆ. ಹೀಗೆ ಮುಕ್ಕಾಲು ಗಂಟೆ. ನಡುವೆ ಒಂದು ಎಕ್ಸ್ ಮಾತ್ರ ದೊಡ್ಡದಾಗಬೇಕು, ಚಿಕ್ಕದಾದರೆ ಲಿನಕ್ಸ್ ಒಪ್ಪುವುದಿಲ್ಲ ಎಂದ. ಶಿಫ್ಟ್ ಹಿಡಿದು ಒತ್ತಿದೆ. ಕೊನೆಗೆ ಎಂಟರ್.

ಹೊಸ ಸಾಲು ಬಂತು. ಚಿಕ್ಕಕ್ಷರ ಓದಲು ಬರುವುದಿಲ್ಲ, ದೊಡ್ಡದರಂತೆ ಕಂಡದ್ದನ್ನಷ್ಟೇ ಹೇಳಿದೆ. "ಕೊನೇಲಿ ಒಂದು ಎನ್, ಒಂದು ಓ. ಆಮೇಲೆ ಎಸ್, ಏನೋ ಒಂದು, ಸಿ."

ಸೆಲ್ವಂ ಅವನ್ನು ಜೋಡಿಸಿ ಓದಿದ. "ಅಂಥ ಫೈಲ್ ಇಲ್ಲ ಅಂತಿದೆ ಅಕ್ಕಾ. ಎತ್ತಿಟ್ಟಿದ್ದು ಅಳಿಸಿ ಹೋಗಿರಬೇಕು. ನಾಳೆ ನಾನೇ ಬರಬೇಕಾಗ್ತದೆ."

ಗಡಿಯಾರದಲ್ಲಿ ಮೂರೂ ಹತ್ತು. ಬಾಗಿಲ ಹತ್ತಿರ ಕಾಡಣ್ಣ ಆಗಲೇ ಚೀಲ ಹೆಗಲಿಗೆ ಹಾಕಿ ನಿಂತಿದ್ದ. ನಂಜಿ ಕೇಳಿದಳು, "ಅಕ್ಕಾ, ಆಯ್ತಾ?"

"ಇಲ್ಲೆ" ಅಂದೆ. ಅವಳ ಮುಖ ನೋಡಿದೆ. ಏನೂ ಅನಿಸಲಿಲ್ಲ. ಅನಿಸದೆ ಇದ್ದದ್ದು ಮಾತ್ರ ಗೊತ್ತಾಯಿತು. ಮತ್ತೆ ಪರದೆಯ ಕಡೆ ತಿರುಗಿದೆ.

"ಸೆಲ್ವಂ, ನಾನು ಒತ್ತಿದ್ದನ್ನ ಇದು ಸರಿ ಬರೆದಿಲ್ಲ. ಎಲ್ಲ ಒಂದಕ್ಕೊಂದು ಅಂಟಿಸಿಬಿಟ್ಟಿದೆ. ಫ್ಯಾಕ್ಟರಿಯಲ್ಲಾದರೆ ಈ ಪೆಟ್ಟಿಗೆ ವಾಪಸ್ ಕಳಿಸ್ತಿದ್ರು."

"ಅಂಟಿಸಿದೆಯಾ? ನಾನು ಇಡ ಬಿಡಿ ಅಂದೆನಲ್ಲ?"

"ಬಿಟ್ಟೆ."

"ಎಷ್ಟು ಬಿಟ್ರಿ?"

"ಎರಡು ಬೆರಳು."

ಅವನು ಇಡ ಬಿಡಿ ಅಂದಾಗಲೆಲ್ಲ ನಾನು ಕೈಯನ್ನು ಕೀಲಿಗಳ ಮೇಲಿಂದ ಎರಡು ಬೆರಳಷ್ಟು ಅತ್ತ ಸರಿಸಿ, ಆಮೇಲೆ ಮುಂದಿನ ಅಕ್ಷರ ಹುಡುಕುತ್ತಿದ್ದೆ ಎಂದು ಹೇಳಿದೆ.

"ಅಕ್ಕಾ" ಅಂದ ಸೆಲ್ವಂ, "ಕೆಳಗೆ ಒಂದು ಉದ್ದ ಕೀಲಿ ಇದೆ, ಮೇಲೆ ಏನೂ ಬರೆದಿಲ್ಲ. ಜಾಗ ಬೇಕು ಅಂದರೆ ಅದನ್ನ ಒತ್ತಬೇಕು."

"ಖಾಲಿ ಜಾಗ ಒತ್ತೋದಾ?"

"ಒತ್ತಬೇಕು. ತಪ್ಪು ನನ್ನದೇ. ಇನ್ನೊಂದು ಸಲ ಮಾಡೋಣ."

ಎರಡನೇ ಸಲ ಹತ್ತು ನಿಮಿಷ ಸಾಕಾಯಿತು. ಎಂಟರ್ ಒತ್ತಿದೆ, ಯಾವ ಸಾಲೂ ಬರಲಿಲ್ಲ. ಏನೂ ಬರದಿದ್ದರೆ ಸರಿಯಾಗಿದೆ ಅಂತ ಅರ್ಥ ಎಂದ ಸೆಲ್ವಂ. ಯಂತ್ರ ಆರಿಸಿ ಮತ್ತೆ ಹಾಕಿದಾಗ ಪರದೆ ಬೆಳಗಿತು. ಹಳೆಯ ಡ್ರೈವರ್ ಸಾದಾದು, ಎಲ್ಲವೂ ಊದಿಕೊಂಡಂತೆ ದಪ್ಪವಾಗಿ ಕಂಡಿತು. ಡಾಕ್ಟರು ಬಂದು ಆವತ್ತು ತೆಗೆದ ಚಿತ್ರವನ್ನೂ ಅದರೊಳಗೆ ಹಾಕಿ ಎರಡನ್ನೂ ಪಕ್ಕಪಕ್ಕ ಇಟ್ಟರು. ಹೋದ ತಿಂಗಳದರಲ್ಲಿ ಎರಡು ಚುಕ್ಕೆ. ಈ ತಿಂಗಳದರಲ್ಲಿ ಎಷ್ಟೊಂದು, ಎಣಿಸಲು ಹೋಗಲಿಲ್ಲ.

"ನಂಜಿ, ವ್ಯಾನ್ ಹತ್ತು" ಅಂದರು.

"ಸೀಟು ನನ್ನದು" ಎಂದ ಕಾಡಣ್ಣ.

"ನಿನ್ನ ಪೊರೆ ಎಲ್ಲಿಗೂ ಓಡಲ್ಲ ಅಜ್ಜ. ಮುಂದಿನ ತಿಂಗಳು ಮೊದಲ ಸೀಟು ನಿನಗೇ."

"ಅಲ್ಲೀವರೆಗೆ ನಾನೇ ಓಡಿಹೋಗ್ತೀನೋ ಏನೋ" ಎನ್ನುತ್ತಾ ಮುದುಕ ಚೀಲ ಇಳಿಸಿದ. ನಂಜಿ ಸೊಪ್ಪಿನ ಕರೆ ಹಿಡಿದ ಕೈಯಲ್ಲೇ ಹೋದಳು. ವ್ಯಾನ್ ಹೊರಟಾಗ ನಾಲ್ಕೂ ಐದು. ಆಮೇಲೆ ನಾನು ನೆಲ ಒರೆಸಿದೆ. ಸಂತೋಷ ಆಯಿತಾ ಎಂದು ಎಷ್ಟೋ ಜನ ಕೇಳಿದ್ದಾರೆ. ಇಲ್ಲ. ತೋರುಬೆರಳು ನೋಯುತ್ತಿತ್ತು.

ನನಗೆ ಹೇಳಿದ್ದನ್ನು ಹೇಳಿದ ಹಾಗೇ ಮಾಡಿದ್ದೆ, ಆದರೂ ತಪ್ಪಾಗಿತ್ತು. ಹೇಳಿದರೆ ಸಾಲದು, ಹೇಗೆ ಮಾಡುತ್ತಾರೆ ಎಂದು ನೋಡಬೇಕು. ಆ ಕೆಲಸದಿಂದ ಕಲಿತದ್ದು ಇದೊಂದೇ. ಅಲ್ಲಿಂದ ಮುಂದೆ ಯಾರ ಕೈಗೆ ಕಣ್ಣಿನ ಮದ್ದು ಕೊಟ್ಟರೂ, ದಿನಕ್ಕೆ ನಾಲ್ಕು ಸಲ ಅಂತ ಹೇಳಿ ಅಷ್ಟಕ್ಕೇ ಬಿಡುತ್ತಿರಲಿಲ್ಲ.

ಹತ್ತು ದಿನದ ಮೇಲೆ ನಂಜಿ ಬಂದಳು. ಎಡಗಣ್ಣು ಉಳಿದಿತ್ತು. ಮೈಸೂರಿನಲ್ಲಿ ಕೊಟ್ಟ ಮದ್ದನ್ನು ತಪ್ಪದೆ ಹಾಕುತ್ತಿದ್ದೇನೆ ಎಂದಳು.

"ಹೇಗೆ ಹಾಕ್ತೀಯ? ತೋರಿಸು" ಅಂದೆ.

ಅವಳು ಕತ್ತು ಹಿಂದಕ್ಕೆ ಚೆಲ್ಲಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ರೆಪ್ಪೆಯ ಮೇಲೆ ಎರಡು ಹನಿ ಬಿಟ್ಟಳು. ಎರಡೂ ಕೆನ್ನೆಗೆ ಇಳಿದವು.

"ತೆರೆ" ಅಂದೆ.