ಏಳನೇ ಬಾಗಿಲ ಮೇಲಿನ ಕೈ

ಇಸವಿ ಅರವತ್ತೊಂದು, ಅರವತ್ತೆರಡರ ಹೊತ್ತಿಗೆ ನಾನು ಮದುವೆಯಾಗಿ ಹೊನ್ನಾವರದ ಹೊಳೆಯಾಚೆ ಕಾಸರಕೋಡಿಗೆ ಬಂದೆ. ನಮ್ಮ ಮನೆಯ ಹಿಂದಿನ ಬೇಲಿಯಾಚೆ ಬೆಳಗಿನಿಂದ ಸಂಜೆಯವರೆಗೆ ಒಂದೇ ಸದ್ದು, ಧಪ್ ಧಪ್. ಹೊಳೆಯಂಚಿನ ಕೆಸರಿನಲ್ಲಿ ತಿಂಗಳುಗಟ್ಟಲೆ ಹೂತಿಟ್ಟ ತೆಂಗಿನಕಾಯಿ ಸಿಪ್ಪೆಯನ್ನು ಅಂಬಿಗರ ಕೇರಿಯ ಹೆಂಗಸರು ಮೇಲೆತ್ತಿ, ಕಲ್ಲಿನ ಮೇಲಿಟ್ಟು, ಮರದ ಕೊಡತಿಯಿಂದ ಬಡಿದು ನಾರು ಬಿಡಿಸುತ್ತಿದ್ದರು. ಆ ವಾಸನೆಗೆ ಮೊದಲ ತಿಂಗಳು ನನಗೆ ಅನ್ನವೇ ಸೇರಲಿಲ್ಲ. ನಮ್ಮ ಯಜಮಾನರು ಶಾಲೆಯ ಮಾಸ್ತರು. "ನಾಲ್ಕು ದಿನಕ್ಕೆ ರೂಢಿ ಆಗ್ತು" ಎಂದು ಕೊಡೆ ಹಿಡಿದು ಹೊರಟುಬಿಟ್ಟರು. ಶಾಲೆಯಲ್ಲಿ ವಾಸನೆ ಇರಲಿಲ್ಲ, ಅವರಿಗೇನು.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ನಾನೂ ಅಕ್ಕಿ ಆರಿಸುವ ಮೊರ ಹಿಡಿದು ಬೇಲಿಯ ಬಳಿ ಕೂತು ಮಾತಾಡಲು ಕಲಿತೆ. ಅಲ್ಲಿ ನನಗೆ ಪರಿಚಯವಾದವಳು ದುರ್ಗಿ.

ದುರ್ಗಿಗೆ ಆಗ ಇಪ್ಪತ್ತೈದು ಇದ್ದಿರಬಹುದು. ನೋಡಿದವರು ನಲವತ್ತು ಎನ್ನುತ್ತಿದ್ದರು. ಅವಳ ಗಂಡ ಜಟ್ಟಿ ಹಂಚು ಹೇರಿದ ಮಚವೆಯಲ್ಲಿ ಮುಂಬಯಿಗೆಂದು ಹೋದವನು ಮೂರು ವರ್ಷವಾದರೂ ಬಂದಿರಲಿಲ್ಲ. ಮಚವೆ ಮುಳುಗಿತೆಂದು ಕೆಲವರು. ರತ್ನಾಗಿರಿಯಲ್ಲಿ ಜಟ್ಟಿಯಂಥ ಒಬ್ಬನನ್ನು ಕಂಡೆವೆಂದು ಇನ್ನು ಕೆಲವರು. ಹೆಣವೂ ಇಲ್ಲ, ಹೆಸರೂ ಇಲ್ಲ. ಮನೆಯಲ್ಲಿದ್ದವರು ಇಬ್ಬರೇ, ದುರ್ಗಿ ಮತ್ತು ಅವಳ ಅತ್ತೆ ಸುಬ್ಬಿ. ಜಟ್ಟಿಯನ್ನು ಹೆತ್ತವಳು ಈ ಸುಬ್ಬಿ. ಸಿಪ್ಪೆ ಬಡಿಯುವ ಹೆಂಗಸರಿಗೆಲ್ಲ ಅವಳೇ ಯಜಮಾನಿ. ಮಗ ಬದುಕಿದ್ದಾನೆ ಎಂದ ಜೋಯಿಸರಿಗೆ ಬಾಳೆಗೊನೆ ಕೊಡುವಳು. ಇಲ್ಲವೆಂದವರ ಮನೆಯ ನೀರೂ ಮುಟ್ಟಳು. ಧಾರೇಶ್ವರಕ್ಕೆ ನಡೆದೇ ಹೋಗಿ ಹರಕೆ ಹೊತ್ತು ಬಂದಿದ್ದಳು.

ಸುಬ್ಬಿ ದಿನವೂ ರಾತ್ರಿ ಮೂವರಿಗೆ ಅಕ್ಕಿ ಹಾಕುತ್ತಿದ್ದಳು. ಮಗನ ಪಾಲನ್ನು ಮುಚ್ಚಿಡುತ್ತಿದ್ದಳು. ಅನ್ನ ಚೆಲ್ಲಬಾರದಲ್ಲ, ಬೆಳಗಾದರೆ ಆ ತಂಗಳನ್ನು ಉಣ್ಣುವವಳು ದುರ್ಗಿ. ತಟ್ಟೆ ಹಿಡಿದು ನಮ್ಮ ಬೇಲಿಯ ನೆರಳಿಗೇ ಬಂದು, ಒಂದು ಉಪ್ಪಿನ ಮೆಣಸು ಕಚ್ಚಿಕೊಂಡು, ತಲೆ ಎತ್ತದೆ ಉಣ್ಣುತ್ತಿದ್ದಳು. "ದುರ್ಗಿ ಗಂಡನ ಕೈಲಿ ಬೈಸಿಕೊಳ್ಳದೆ ಗಂಡನ ಊಟ ಉಣ್ತಾಳೆ" ಎಂದು ಉಳಿದವರು ನಗುತ್ತಿದ್ದರು. ಅವಳು ನಗುತ್ತಲೂ ಇರಲಿಲ್ಲ, ಸಿಟ್ಟಾಗುತ್ತಲೂ ಇರಲಿಲ್ಲ. ಅಷ್ಟು ದಣಿದವಳನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಅದು ಮೈಯ ದಣಿವಾಗಿದ್ದರೆ ಮಲಗಿದರೆ ಹೋಗುತ್ತಿತ್ತು.

ಅವಳು ಮೂರನೆಯ ಇಯತ್ತೆ ಓದಿದ್ದಳು. ಅಷ್ಟು ಜನರಲ್ಲಿ ಅಕ್ಷರ ಬಲ್ಲವಳು ಅವಳೊಬ್ಬಳೇ. ಯಜಮಾನರು ಯಾರಿಂದಲೋ ತಂದ ಒಂದು ಕಾದಂಬರಿಯನ್ನು ನಾನು ಓದಿ ಮುಗಿಸುವ ಮೊದಲೇ ಅವಳಿಗೆ ಕೊಟ್ಟೆ. ಅದು ದೇವರುಗಳ ಕತೆ. ಪುರಾಣವಲ್ಲ, ಯಾರೋ ಕೂತು ಕಟ್ಟಿದ್ದು. ದುರ್ಗಿ ಎಲ್ಲರಿಗೂ ಕೇಳುವಂತೆ ಓದುವಷ್ಟು ಹೊತ್ತು ಅವಳ ಪಾಲಿನ ಸಿಪ್ಪೆಯನ್ನು ಉಳಿದವರು ಹಂಚಿಕೊಂಡು ಬಡಿಯುವುದೆಂದು ಸುಬ್ಬಿ ಕಟ್ಟಳೆ ಮಾಡಿದಳು. ದುರ್ಗಿಯ ತೋಳಿಗೆ ಅಷ್ಟೇ ವಿಶ್ರಾಂತಿ. ಮೊದಲು ಒಂದು ದಿನ ನಾನೇ ಓದಲು ಹೋಗಿದ್ದೆ. "ನೀವು ಓದಿದ್ರೆ ಬಸ್ಸು ಹೋದಂಗೆ ಆತು ಅಮ್ಮಾ, ಒಂದೂ ಸಿಕ್ಕೂದಿಲ್ಲ" ಎಂದು ಸುಬ್ಬಿ ನನ್ನನ್ನು ಬೇಲಿಗೇ ಕಳಿಸಿದಳು.

ಕತೆ ಇಷ್ಟು. ಬೆಳಗನ್ನು ದೀಪದಲ್ಲಿ ಹೊತ್ತು ದಿನವೂ ಸಮುದ್ರದ ತಳದಿಂದ ಮೇಲೆ ತರುವ ಒಬ್ಬ ಎಳೆಯ ದೇವರು. ಅವನನ್ನು ಕತ್ತಲೆಯ ರಾಕ್ಷಸ ಹಿಡಿದು, ನೀರಿನ ಕೆಳಗಿನ ಗವಿಯಲ್ಲಿ ಏಳು ಬಾಗಿಲು ಹಾಕಿ ಕೂಡಿಡುತ್ತಾನೆ. ದಂಡೆಯ ಮೇಲೆ ಹೆಂಡತಿ ಕಾಯುತ್ತಾಳೆ. ಕೊನೆಯ ಅಧ್ಯಾಯದಲ್ಲಿ ದೀಪದ ಎಣ್ಣೆ ತೀರಿದೆ, ಬತ್ತಿ ಚಟಚಟ ಎನ್ನುತ್ತಿದೆ. ಅಷ್ಟರಲ್ಲಿ ಏಳನೇ ಬಾಗಿಲ ಮೇಲೆ ಹೊರಗಿನಿಂದ ಒಂದು ಕೈ ಬೀಳುತ್ತದೆ. ಅಷ್ಟೇ. ಮೊದಲನೆಯ ಭಾಗ ಮುಗಿಯಿತು.

ದುರ್ಗಿ ಅದನ್ನೂ ತನ್ನ ಎಂದಿನ ಒಣ ದನಿಯಲ್ಲೇ ಓದಿದಳು. ಓದಿ ಹಾಳೆ ತಿರುಗಿಸಿದಳು. ಮುಂದೆ ಬರೀ ರಟ್ಟು.

"ಎಂತ ಆತೆ?" ಎಂದಳು ಸುಬ್ಬಿ.

"ಇಷ್ಟೇ ಇರೂದು ಅತ್ತೆ."

ಕೊಡತಿಗಳೆಲ್ಲ ನಿಂತವು. ಲಕ್ಕಿ ಎಂಬವಳು ತುಂಬಿದ ಬಸುರಿ, ಹೊಟ್ಟೆಯ ಮೇಲೆ ಕೈಯಿಟ್ಟು ಅಳಲಿಕ್ಕೇ ಶುರುಮಾಡಿದಳು. ಆ ಕಡೆ ಒಂದು ಕ್ರಮವಿದೆ. ಶ್ರಾವಣದಲ್ಲಿ ಪುರಾಣ ಓದುವ ಭಟ್ಟರು ದೇವರು ಕಷ್ಟದಲ್ಲಿರುವಾಗ ಪುಸ್ತಕ ಮುಚ್ಚುವುದಿಲ್ಲ. ಎಷ್ಟೇ ಹೊತ್ತಾದರೂ ದೇವರನ್ನು ಬಿಡಿಸಿ, ಮಂಗಳ ಹೇಳಿಯೇ ಏಳಬೇಕು. ಇಲ್ಲದಿದ್ದರೆ ಕೇಳಿದವರ ಮನೆಗೆ ಕೇಡು, ಬಸುರಿಗಂತೂ ಹೇಳುವುದೇ ಬೇಡ.

"ಇದು ಪುರಾಣ ಅಲ್ಲ ಮಾರಾಯ್ತಿ, ಕಾದಂಬರಿ" ಎಂದು ನಾನು ಬೇಲಿಯಿಂದಲೇ ಕೂಗಿದೆ.

"ದೇವ್ರು ದೇವ್ರೇ ಅಲ್ದೆ ಅಮ್ಮಾ?" ಎಂದಳು ಸುಬ್ಬಿ.

ಪುಸ್ತಕ ಮುಚ್ಚಬಾರದೆಂದು ಅದನ್ನು ತೆರೆದೇ ಕಲ್ಲಿನ ಮೇಲಿಟ್ಟು, ಬುಟ್ಟಿ ಕವುಚಿದರು. ಮುಂದಿನ ಭಾಗಕ್ಕೆಂದು ಯಜಮಾನರನ್ನು ಲಾಂಚು ಹತ್ತಿಸಿ ಹೊನ್ನಾವರಕ್ಕೆ ಅಟ್ಟಿದೆ. ಬರಿಗೈಯಲ್ಲಿ ಬಂದರು. "ಅಲ್ಲಿ ಇಲ್ಲೆ. ಕುಮಟೆಯಲ್ಲೂ ಇಲ್ಲೆ ಅಂದ ಅಂಗಡಿಯವ. ಬರೆದವಂಗೇ ಮುಂದೆ ಗೊತ್ತಿಲ್ಲೆ ಕಾಣ್ತು" ಎಂದರು. ನನಗೆ ಆ ಲೇಖಕನ ಮೇಲೆ ಮೈಯೆಲ್ಲ ಉರಿಯಿತು. ದೇವರು ವರ ಕೊಟ್ಟರೂ ಪೂಜಾರಿ ಬಿಡ ಎಂದ ಹಾಗೆ, ದೇವರು ಹೊರಗೆ ಬರಲು ಸಿದ್ಧ, ಬರೆದವನು ಬಿಡಲೊಲ್ಲ.

ದಿನ ಕಳೆಯಿತು. ಓದು ಇಲ್ಲವಾದ್ದರಿಂದ ದುರ್ಗಿಯ ಕೈಗೆ ಮತ್ತೆ ಕೊಡತಿ ಬಂತು. ಉಳಿದವರಿಗೆ ಕೆಲಸವೇ ಓಡದು. ಲಕ್ಕಿಗೆ ನಿದ್ದೆಯಿಲ್ಲವಂತೆ. ಕಣ್ಣು ಮುಚ್ಚಿದರೆ ನೀರೊಳಗೆ ಬಾಗಿಲು ಕಾಣುತ್ತದಂತೆ. ಎಲ್ಲರೂ ಸೇರಿ ದುರ್ಗಿಯ ಬೆನ್ನು ಹತ್ತಿದರು.

"ಅಕ್ಷರ ಕಲ್ತವ್ಳು ನೀನೇ. ಎಂತಾದ್ರೂ ಸೇರ್ಸಿ ಓದಿ ಬಿಡೆ. ದೇವ್ರು ಹೊರ್ಗೆ ಬಂದ ಅಂದ್ರೆ ಆತು."

"ಬರೆಯದ್ದು ನಾ ಹೆಂಗೆ ಓದೂದು?"

"ಹೇಳಿದ್ರೆ ನಿನ್ನ ಗಂಟು ಹೋತದ್ಯೆ?" ಎಂದಳು ಸುಬ್ಬಿ. "ಬಸ್ರಿ ಹೆಂಗ್ಸು ಅಳ್ತದೆ. ದೇವ್ರನ್ನ ಅಷ್ಟು ದಿನ ಒಳ್ಗೆ ಕೂರ್ಸೂಕೆ ಆತದ್ಯೆ? ಹೊಟ್ಟೆ ಉರಿಯೂದಿಲ್ವೆ ನಿಂಗೆ?"

ದುರ್ಗಿ ಕೊಡತಿ ಕೆಳಗಿಟ್ಟಳು. ಅವಳು ಜೋರಾಗಿ ಮಾತಾಡಿದ್ದನ್ನು ನಾನು ಅವತ್ತೂ ಕೇಳಲಿಲ್ಲ. ಮೆಲ್ಲಗೇ ಹೇಳಿದಳು.

"ದೇವ್ರು ನಾಲ್ಕು ದಿನ ಒಳ್ಗೆ ಕೂತದ್ದಕ್ಕೆ ನಿಮ್ಗೆಲ್ಲ ನಿದ್ದೆ ಇಲ್ಲ. ನಾನು ಮೂರು ವರ್ಷದಿಂದ ಕೂತಿದ್ದೆ ಅತ್ತೆ. ನಂಗೆ ಯಾರು ಮಂಗಳ ಓದಿದ್ರಿ?"

ನಾರಿನ ಎಳೆಯೊಂದನ್ನು ಬೆರಳಿಗೆ ಸುತ್ತುತ್ತ ಅವಳೇ ಮುಂದುವರಿಸಿದಳು.

"ಅಳೂಕೂ ಬಿಡೂದಿಲ್ಲ ನೀವು. ಅತ್ರೆ ಅಪಶಕುನ ಅಂತ್ರಿ. ನಕ್ರೆ ಗಂಡ ಇಲ್ದಾಗ ನಗ್ತದೆ ಅಂತ್ರಿ. ದಿನಾ ಬೆಳಿಗ್ಗೆ ಅವ್ರ ಅನ್ನ ಉಂಡು ಉಂಡು ನಂಗೆ ಸಾಕಾಗಿ ಹೋತು. ಬತ್ತ್ರು ಅಂದ್ರೆ ಬತ್ತ್ರು ಅನ್ನಿ, ಇಲ್ಲ ಅಂದ್ರೆ ಇಲ್ಲ ಅನ್ನಿ. ಯಾವ್ದಾದ್ರೂ ಒಂದು ಅನ್ನಿ ಅತ್ತೆ. ನಿಮ್ಮ ಬಾಯಲ್ಲಿ ಅನ್ನಿ."

ಸುಬ್ಬಿ ಈಗ ಸೊಸೆಯ ಕೆನ್ನೆಗೆ ಬಾರಿಸುತ್ತಾಳೆ ಎಂದುಕೊಂಡು ನಾನು ಮೊರ ಇಟ್ಟು ಎದ್ದು ನಿಂತೆ. ಅವಳು ಹಾಗೇನೂ ಮಾಡಲಿಲ್ಲ. ಕೈಗೆ ಮೆತ್ತಿದ ಕೆಸರನ್ನು ಸೀರೆಗೆ ಒರೆಸಿದಳು, ಬಹಳ ಹೊತ್ತು ಒರೆಸಿದಳು. ಆಮೇಲೆ ಬುಟ್ಟಿ ಎತ್ತಿ, ತೆರೆದಿದ್ದ ಪುಸ್ತಕದ ಮೇಲೆ ಕೈಯಿಟ್ಟು ಕೂತಳು. ಸುಬ್ಬಿಗೆ ಅಕ್ಷರ ಬಾರದು. ಆದರೆ ಮದುವೆ ಮನೆಗಳಲ್ಲಿ ಅವಳು ಹಾಡಲು ಕೂತರೆ ಬೆಳಗಿನವರೆಗೆ ಹಾಡು ತೀರುತ್ತಿರಲಿಲ್ಲ. ಕತೆ ಹೇಳಲು ಅವಳಿಗೆ ಯಾರೂ ಕಲಿಸಬೇಕಿರಲಿಲ್ಲ.

"ಆ ಕೈ ರಾಕ್ಷಸಂದಲ್ಲ" ಎಂದಳು. "ಹೆಂಡ್ತಿದೂ ಅಲ್ಲ. ಅವ್ನ ಅವ್ವಿದು."

ಲಕ್ಕಿ ಮೂಗು ಒರೆಸಿಕೊಂಡು ಹತ್ತಿರ ಸರಿದಳು.

"ಅವ್ವಿ ಬಾಗ್ಲು ದೂಡಿ ಒಳ್ಗೆ ಹೋತು. ಮಗ ದೀಪ ಹಿಡ್ಕಂಡು ಕೂತಿದ್ದ. ಮೈಯೆಲ್ಲ ತಣ್ಣಗೆ. 'ಅವ್ವೀ, ನಾ ಬತ್ತೆ ಅಂತ ಹೇಳಿ ಬಂದಿದ್ದೆ' ಅಂದ. 'ಹೌದು ಮಗಾ, ಹೇಳಿದ್ದೆ' ಅಂತು. 'ಅವ್ಳು ದಂಡೆ ಮೇಲೆ ಕಾಯ್ತದೆ' ಅಂದ. 'ಅವ್ಳಿಗೆ ನಾ ಹೇಳ್ತೆ. ದೀಪ ನಂಗೆ ಕೊಡು. ನೀ ದಣಿದಿದ್ದೆ, ಮನಿಕ್ಕೋ' ಅಂತು. ಅವ್ನು ದೀಪ ಕೊಟ್ಟ. ಅವ್ವಿ ಮಡ್ಲಲ್ಲಿ ತಲೆಯಿಟ್ಟು ಮನಿಕ್ಕಂಡ."

"ಮತ್ತೆ?" ಎಂದಳು ಲಕ್ಕಿ.

"ಮತ್ತೆ ಎಂತ? ಅವ್ವಿ ದೀಪ ಹಿಡ್ಕಂಡು ಒಬ್ಳೇ ಮೇಲೆ ಬಂತು. ದಂಡೆ ಮೇಲೆ ಸೊಸೆ ಕೂತಿತ್ತು. ದೀಪ ಸೊಸೆ ಕೈಯಲ್ಲಿ ಕೊಡ್ತು. ಬೆಳಗಾತು."

"ದೇವ್ರು ಬರಲಿಲ್ವೆ?" ಲಕ್ಕಿಯೇ ಕೇಳಿದಳು.

ಸುಬ್ಬಿ ದುರ್ಗಿಯನ್ನು ನೋಡಿಯೇ ಹೇಳಿದಳು. "ಇಲ್ಲ. ಅವ್ನು ಬರೂದಿಲ್ಲ."

ಹೀಗೆ ಹೇಳಿ ಪುಸ್ತಕ ಮುಚ್ಚಿದಳು, ಕಣ್ಣಿಗೊತ್ತಿಕೊಂಡಳು, ಮಂಗಳ ಹೇಳಿದಳು. ದನಿ ಒಡೆಯಿತು, ಆದರೂ ಪೂರ್ತಿ ಹೇಳಿದಳು. ದುರ್ಗಿ ಮುಖಕ್ಕೆ ಸೆರಗು ಹಿಡಿದು ಅತ್ತಳು. ಮೂರು ವರ್ಷದ ಅಳು ಅದು. ಯಾರೂ ಅಪಶಕುನ ಎನ್ನಲಿಲ್ಲ. ಸುಬ್ಬಿ ಅಳಲಿಲ್ಲ. ಸೊಸೆಯ ಕೊಡತಿಯನ್ನು ತಾನೇ ಎತ್ತಿಕೊಂಡು ಅವಳ ಪಾಲಿನ ಸಿಪ್ಪೆಯನ್ನೂ ಬಡಿಯತೊಡಗಿದಳು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ನನಗೂ ಅಳು ಬಂದಿತ್ತು.

ಎರಡನೆಯ ಭಾಗ ಮಳೆಗಾಲ ಕಳೆದ ಮೇಲೆ ಸಿಕ್ಕಿತು. ಅದರಲ್ಲಿ ಆ ದೇವರು ಏನೋ ಉಪಾಯ ಮಾಡಿ, ರಾಕ್ಷಸನನ್ನು ಕೊಂದು, ಶಂಖ ಜಾಗಟೆಗಳ ನಡುವೆ ಮನೆಗೆ ಬರುತ್ತಾನೆ. ಓದಿ ನನಗೆ ಆಕಳಿಕೆ ಬಂತು. ಪುಸ್ತಕವನ್ನು ನಾನು ಬೇಲಿ ದಾಟಿಸಲಿಲ್ಲ. ಅವರೂ ಕೇಳಲಿಲ್ಲ. ಲಕ್ಕಿ ಅಷ್ಟರಲ್ಲಿ ಗುಂಡುಕಲ್ಲಿನಂಥ ಗಂಡುಮಗುವನ್ನು ಹೆತ್ತಿದ್ದಳು.

ನಾನು ಹೇಳಬೇಕಾದದ್ದು ಆ ಮಂಗಳದ ಮರುದಿನದ ಮಾತು. ಬೆಳಿಗ್ಗೆ ದುರ್ಗಿ ಎಂದಿನಂತೆ ನಮ್ಮ ಬೇಲಿಯ ನೆರಳಿಗೆ ಬಂದು ಕೂತಳು. ಕಣ್ಣು ಊದಿತ್ತು. ಕೈಯಲ್ಲಿ ತಟ್ಟೆ ಇರಲಿಲ್ಲ.

"ತಂಗಳು ಇಲ್ವೆನೆ ಇವತ್ತು?" ಎಂದೆ.

"ಇಲ್ಲ ಅಮ್ಮಾ" ಎಂದಳು. "ನಿನ್ನೆ ಅತ್ತೆ ಇಬ್ರಿಗೇ ಅಕ್ಕಿ ಹಾಕ್ತು."