ತಾಮ್ರದ ಬಿಂದಿಗೆ, ಕಡಲ ನೀರು

ಮುಳಬಾಗಿಲಿನ ತುಳಸಮ್ಮ ಸಮುದ್ರ ನೋಡಿದವರಲ್ಲ. ಗಂಡ ನಾರಾಯಣಯ್ಯ ಕೋಲಾರದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಲ್ಯಾಬು ನೋಡಿಕೊಳ್ಳುತ್ತಿದ್ದರು. ವರ್ಷಕ್ಕೊಮ್ಮೆ ಮೇಷ್ಟ್ರುಗಳು ಹುಡುಗರನ್ನು ಕಡಲತೀರಕ್ಕೆ ಕರೆದೊಯ್ಯುವಾಗ ಇವರೂ ಹೋಗಿಬರುತ್ತಿದ್ದರು. ಬಂದ ಮೇಲೆ, "ಮುಂದಿನ ವರ್ಷ ನಿನ್ನನ್ನೂ ಕರ್ಕೊಂಡ್ ಹೋಗ್ತೀನಿ ಕಣೇ" ಎಂದು ಒಂದು ಮಾತು. ಇಪ್ಪತ್ತೆಂಟು ವರ್ಷ ಅದೇ ಮಾತು. ಆಡುವ ಮಾತಿಗೇನು ಸುಂಕವೇ?

ನಿವೃತ್ತಿಗೆ ಒಂದು ವರ್ಷ ಉಳಿದಾಗ, ೧೯೮೪ರ ಫೆಬ್ರವರಿಯಲ್ಲಿ, ಆ ಮನುಷ್ಯನಿಗೆ ನಾಚಿಕೆಯಾಯಿತೋ ಏನೋ, ಸಮುದ್ರವನ್ನೇ ಮನೆಗೆ ತಂದರು. ಮದ್ರಾಸಿನಿಂದ ಬಂಗಾರಪೇಟೆಗೆ ರೈಲು, ಅಲ್ಲಿಂದ ಬಸ್ಸಿನ ಟಾಪಿನ ಮೇಲೆ ನಾಲ್ಕು ಕ್ಯಾನು ಕಡಲ ನೀರು. ತೊಡೆಯ ಮೇಲಿನ ಒಂದು ಚೀಲದಲ್ಲಿ ಎರಡು ಮೀನು, ಇನ್ನೊಂದರಲ್ಲಿ ಮುದುಡಿಕೊಂಡ ಏನೋ ಒಂದು. ನಡುಮನೆಯ ಗಾಜಿನ ತೊಟ್ಟಿಯಲ್ಲಿ ಮೂರನೆಯ ದಿನ ಅದು ಸೇವಂತಿಗೆಯ ಹಾಗೆ ಅರಳಿತು.

"ಅಯ್ಯೋ, ಹೂವು!" ಎಂದರು ತುಳಸಮ್ಮ.

"ಹೂವಲ್ಲ ಕಣೇ, ಪ್ರಾಣಿ. ಬಾಯಿದೆ, ತಿನ್ನುತ್ತೆ."

"ತಿಂದ್ರೆ ತಿನ್ಲಿ. ಅರಳುತ್ತಲ್ಲ, ನನಗೆ ಹೂವೇ."

ತೊಟ್ಟಿ ತುಂಬಿಸಿ ಹನ್ನೊಂದು ದಿನವಾಗಿತ್ತು. ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ನಾರಾಯಣಯ್ಯ ಎದೆ ಹಿಡಿದುಕೊಂಡು ಕುಸಿದವರು ಮತ್ತೆ ಏಳಲಿಲ್ಲ.

ದಿನಾ ಬೆಳಿಗ್ಗೆ ಬಾಗಿಲಿಗೆ ಬಂದು "ಎಷ್ಟು ಮೊಳ ಅಮ್ಮಾ?" ಎನ್ನುತ್ತಿದ್ದ ಹೂವಿನ ಭಾರತಮ್ಮ, ವೈಕುಂಠ ಸಮಾರಾಧನೆಯ ಮಾರನೆಯ ದಿನದಿಂದ ಬುಟ್ಟಿಗೆ ಸೆರಗು ಮುಚ್ಚಿ, ತಲೆ ತಗ್ಗಿಸಿ, ಬೀದಿಯ ಆಚೆ ಬದಿಯಲ್ಲಿ ಹೋಗತೊಡಗಿದಳು. ಅವಳದೇನು ತಪ್ಪು? ಗಂಡ ಸತ್ತವಳಿಗೆ ಹೂವಿಲ್ಲ ಎಂದು ಕಟ್ಟಳೆ ಮಾಡಿದವರ ಮನೆ ಹಾಳಾಗ. ತುಳಸಮ್ಮನಿಗೆ ಉಳಿದದ್ದು ತೊಟ್ಟಿಯ ಹೂವೊಂದೇ. ಅದನ್ನು ಯಾರೂ ಬೇಡ ಎನ್ನುವಂತಿರಲಿಲ್ಲ. ಕರೆಂಟು ಹೋಗಿ ತೊಟ್ಟಿಗೆ ಗಾಳಿ ಊದುವ ಮೋಟರು ನಿಂತಾಗ, ಗಂಡ ಹೇಳಿಕೊಟ್ಟಂತೆ ಪ್ಲಾಸ್ಟಿಕ್ ಮಗ್ಗಿನಲ್ಲಿ ನೀರೆತ್ತಿ ಎತ್ತಿ ಸುರಿಯುತ್ತಿದ್ದರು. ಕೈ ಸೋತರೂ ಬಿಡುತ್ತಿರಲಿಲ್ಲ.

ನಾಲ್ಕನೆಯ ವಾರ ಗಾಜಿಗೆ ಕಂದು ಪಾಚಿ ಹತ್ತಿತು. ಮರಳಿಗೆ ಹಬ್ಬಿತು, ಕಲ್ಲಿಗೆ ಹಬ್ಬಿತು, ಕೊನೆಗೆ ಹೂವೇ ಮಸುಕಾಯಿತು. ಪಾಚಿ ಕಟ್ಟಿದ ಬಾವಿ ಕೆಟ್ಟ ಬಾವಿ ಎಂದು ಕೇಳಿ ಬೆಳೆದ ಜೀವ ಹೆದರಿತು. ಗಂಡನ ಜೊತೆ ಲ್ಯಾಬಿನಲ್ಲಿದ್ದ ಶ್ರೀನಿವಾಸಪುರದ ಶ್ರೀರಾಮಪ್ಪ ಮೇಷ್ಟ್ರಿಗೆ ಕಾಗದ ಬರೆದರು. ಪರೀಕ್ಷೆ ನಡೀತಿದೆ, ಭಾನುವಾರ ಬರ್ತೀನಿ ಎಂದು ಉತ್ತರ ಬಂತು. ಭಾನುವಾರಕ್ಕೆ ಇನ್ನೂ ಆರು ದಿನ. ಕಣ್ಣೆದುರೇ ಹೂವು ಕಾಣೆಯಾಗುತ್ತಿರುವಾಗ ಆರು ದಿನ ಕಾಯುವುದೆಂದರೇನು?

ತುಳಸಮ್ಮ ಅರ್ಚಕರ ಮನೆಯ ಮಗಳು. ನೀರು ಶುದ್ಧವಾಗಬೇಕೆಂದರೆ ತಾಮ್ರ, ಅವರಿಗೆ ಗೊತ್ತಿದ್ದದ್ದು ಅದು. ತವರಿನಿಂದ ಬಂದ ಬಿಂದಿಗೆಯನ್ನು ಹುಣಸೆಹಣ್ಣು ಹಾಕಿ ಬೆಳಗಿದರು. ತೊಟ್ಟಿಯ ನೀರನ್ನು ಗಂಡನ ಹಳೆಯ ಪಂಚೆಯಲ್ಲಿ ಸೋಸಿ, ಬಿಂದಿಗೆ ತುಂಬಿ, ಒಂದು ದಿನ ಪೂರ್ತಿ ಇಟ್ಟು, ಕೈಮುಗಿದು ವಾಪಸು ಹೊಯ್ದರು. ಗಾಜು ಒರೆಸಿದರು. ಮಾರನೆಯ ದಿನ ಹೂವು ಅರಳಲಿಲ್ಲ. ಪಾಚಿಯ ವಿಷ ಇನ್ನೂ ಉಳಿದಿದೆ ಎಂದುಕೊಂಡು ಇನ್ನೊಂದು ಬಿಂದಿಗೆ ಮಾಡಿದರು. ಅದರ ಮೇಲೆ ಮತ್ತೊಂದು.

ಭಾನುವಾರ ಶ್ರೀರಾಮಪ್ಪ ಬಂದರು.

"ಪಾಚಿ ಎಲ್ಲಮ್ಮಾ? ಗಾಜು ಫಳಫಳ ಅಂತೈತಲ್ಲ!" ಎಂದವರು ಬಗ್ಗಿ ನೋಡಿದರು. ಮೀನುಗಳು ಮೂಲೆ ಸೇರಿದ್ದವು. ಹೂವು ನೆನೆದ ಹತ್ತಿಯ ಹಾಗೆ ಮರಳಿನ ಮೇಲೆ ಬಿದ್ದಿತ್ತು.

"ಹೊಸ ತೊಟ್ಟಿಗೆ ಈ ಪಾಚಿ ಬಂದೇ ಬರುತ್ತಮ್ಮಾ. ಹಲ್ಲು ಬರೋ ಮಗೂಗೆ ಜ್ವರ ಬರಲ್ವಾ, ಹಂಗೆ. ತಾನಾಗೇ ಹೋಗ್ತಿತ್ತು. ಏನಾದ್ರೂ ಹಾಕಿದ್ರಾ?"

"ಏನೂ ಹಾಕಿಲ್ಲಪ್ಪ. ನೀರು ಶುದ್ಧ ಮಾಡ್ದೆ, ಅಷ್ಟೇ."

"ಯಾತರಲ್ಲಿ?"

ತುಳಸಮ್ಮ ಬಿಂದಿಗೆ ತಂದು ಮುಂದಿಟ್ಟರು. ಮೇಷ್ಟ್ರು ಅದರೊಳಗೆ ನೋಡಿದರು. ಅವರ ಕಣ್ಣು ಹೋದ ಕಡೆ ತುಳಸಮ್ಮನ ಕಣ್ಣೂ ಹೋಯಿತು. ಒಳಗೆ ನೀರು ನಿಂತಷ್ಟು ಎತ್ತರಕ್ಕೆ ಹಸಿರು ಕಿಲುಬು.

ತುಳಸಮ್ಮ ಎಂಟು ವರ್ಷದವರಿದ್ದಾಗ, ಉಪ್ಪು ಬೆರೆಸಿದ ನಿಂಬೆಹೋಳನ್ನು ತಾಮ್ರದ ಪಾತ್ರೆಯಲ್ಲಿಟ್ಟರೆಂದು ಅಮ್ಮ ಕೈಮೇಲೆ ಬಾರಿಸಿದ್ದರು. "ತಾಮ್ರಕ್ಕೆ ಉಪ್ಪು ತಾಕಿಸ್ಬೇಡ ಕಣೇ, ವಿಷ ಆಗುತ್ತೆ!" ಅಂದಿನಿಂದ ಒಂದು ಸೌಟು ಮಜ್ಜಿಗೆಯನ್ನೂ ಅವರು ತಾಮ್ರದಲ್ಲಿ ಇಟ್ಟವರಲ್ಲ. ಆದರೆ ಗಂಡ ತಂದ ಸಮುದ್ರವನ್ನು ಉಪ್ಪುನೀರು ಎಂದು ಅವರು ಒಂದು ದಿನವೂ ಅಂದುಕೊಂಡಿರಲಿಲ್ಲ.

ತೊಟ್ಟಿಯಲ್ಲಿ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡರು.

"ಉಪ್ಪು" ಎಂದರು.

"ದೂರದ ಪ್ರಯಾಣ ಮಾಡಿ ಬಂದಿದ್ದಮ್ಮಾ ಅದು. ಆಯಾಸಕ್ಕೂ ಹಿಂಗಾಗುತ್ತೆ. ಮನಸ್ಸಿಗೆ ಹಚ್ಕೋಬೇಡಿ" ಎಂದು ಆ ಪುಣ್ಯಾತ್ಮ ಸುಳ್ಳು ಹೇಳಿದರು.

"ಬೇಡಪ್ಪ. ಅಡುಗೆಮನೇಲಿ ಗೊತ್ತಿದ್ದಿದ್ದು ನಡುಮನೇಲಿ ಮರ್ತುಬಿಟ್ಟೆ. ನಾನೇ ಕೊಂದೆ" ಎಂದು ತುಳಸಮ್ಮ ಬಿಂದಿಗೆಯನ್ನು ಮಡಿಲಿಗೆ ಎಳೆದುಕೊಂಡು ಅತ್ತರು. ಗಂಡ ಹೋದಾಗ ನೆಂಟರ ನಡುವೆ ಅಳಲಾರದೆ ಉಳಿದಿದ್ದೂ ಆಗ ಬಂತು.

ಮೀನುಗಳನ್ನು ಶ್ರೀರಾಮಪ್ಪ ಕಾಲೇಜಿಗೆ ಒಯ್ದರು. ಮಾರನೆಯ ಬೆಳಿಗ್ಗೆ ಭಾರತಮ್ಮ ಬರುವ ಹೊತ್ತಿಗೆ, ಅವಳು ಆಚೆ ಬದಿಗೆ ಸರಿಯುವ ಮೊದಲೇ, ತುಳಸಮ್ಮ ತಾವೇ ಬಾಗಿಲು ಹಾಕಿಕೊಂಡರು.